ಕಿವಿ ಇದೆ, ಬಾಯಿ ಇಲ್ಲ

ಹೀಯುಮಾ ದ್ವೀಪ, ಫೆಬ್ರವರಿ. ಸಮುದ್ರ ಕಲ್ಲಾಗಿದೆ.
ಅಡುಗೆಮನೆಯ ಮೇಜಿನ ಮೇಲೆ
ರೈ ಬ್ರೆಡ್ಡಿನ ಪುಡಿ ಒರೆಸಿದ ಜಾಗದಲ್ಲಿ
ಅಂಗೈಯಗಲದ ಹಸಿರು ಹಲಗೆ:
ನೂರ ಹದಿನಾಲ್ಕು ಬಿಡಿಭಾಗ, ಮೂರು ವಾರ, ಎರಡು ಕನ್ನಡಕ.

ಕಿವಿ ಇದೆ ಇದಕ್ಕೆ.
ನಿನ್ನೆ ರಾತ್ರಿ ಯಾರೋ ಗ್ರೀಕನೊಬ್ಬ ಕೇಳಿಸಿದ,
ಆಮೇಲೆ ಅಕ್ಷರಗಳನ್ನು ಅಗಿದು ಉಗುಳುವ ಒಬ್ಬ ಫಿನ್.
ಬಾಯಿ ಇಲ್ಲ.

ಮೋರ್ಸ್ ಕೀ ಒತ್ತುತ್ತೇನೆ.
ರಿಲೇ ಟಕ್ಕೆನ್ನುತ್ತದೆ, ವಿಧೇಯ ಗುಮಾಸ್ತನ ಹಾಗೆ,
ಕಡತ ಮಾತ್ರ ಮುಂದಕ್ಕೆ ಹೋಗುವುದಿಲ್ಲ.
ಮೀಟರಿನ ಮುಳ್ಳು ಸೊನ್ನೆಗೆ ತಲೆಯಿಟ್ಟು ಮಲಗಿದೆ.
ಕೊನೆಯ ಟ್ರಾನ್ಸಿಸ್ಟರಿನ ನೆತ್ತಿಗೆ ಬೆರಳಿಟ್ಟೆ:
ತಣ್ಣಗೆ. ಕೆಲಸ ಮಾಡದವನ ಹಣೆ.

ಮೂವತ್ತೊಂದು ವರ್ಷ ಫೆರಿಯ ಎಂಜಿನ್ ಕೋಣೆಯಲ್ಲಿ
ವೈರುಗಳ ಜೊತೆ ಬಾಳಿದವನು ನಾನು.
ಆದ್ದರಿಂದ ಮೊದಲು ಕಾರ್ಖಾನೆಯನ್ನು ಬೈದೆ,
ಆಮೇಲೆ ಸೂಚನೆಯ ಹಾಳೆಯನ್ನು,
ಆಮೇಲೆ ಟ್ರಾನ್ಸಿಸ್ಟರ್ ಖೋಟಾ ಎಂದೆ,
ಹೊಸದು ತರಿಸಿ ಹಾಕಿ, ಅದೂ ಖೋಟಾ ಎಂದೆ.

ಪಕ್ಕದ ಮನೆಯ ಪಿರೆಟ್, ಏಳನೇ ತರಗತಿ,
ಉಪ್ಪುಮೀನು ತಿನ್ನುತ್ತ ಕೇಳಿದಳು:
"ಹೆಲ್ದುರ್ ಮಾವ, ಎಲ್ಲಿಯವರೆಗೆ ಬದುಕಿದೆ ಇದು?"

ಇಂಥ ಪ್ರಶ್ನೆ ನನಗೆ ಹೊಳೆಯಬೇಕಿತ್ತು.

ಡಯೋಡು ಕಟ್ಟಿದ ಸೂಜಿ ಅವಳ ಕೈಯಲ್ಲಿ
(ನನ್ನ ಕೈ ನಡುಗುತ್ತದೆ, ಅದನ್ನು ನಾವಿಬ್ಬರೂ ಹೇಳುವುದಿಲ್ಲ).
ಹದಿಮೂರು ಮುಕ್ಕಾಲು ವೋಲ್ಟು, ಇದೆ.
ಆಸಿಲೇಟರ್, ಇದೆ.
ಡ್ರೈವರ್, ಇದೆ ಇದೆ, ಮುಳ್ಳು ಎದ್ದು ಕೂತಿತು.
ಅದರಾಚೆ ಅವರೆಕಾಳಿನಷ್ಟು ಕಪ್ಪು ಉಂಗುರ,
ನಾನೇ ತಂತಿ ಸುತ್ತಿದ್ದು, ಎಂಟು ಸುತ್ತು, ಎಣಿಸಿ, ಮತ್ತೆ ಎಣಿಸಿ.
ಉಂಗುರದ ಆ ಬದಿಯಲ್ಲಿ
ಏನೂ ಇಲ್ಲ.
ಈ ಬದಿಯಿಂದ ಅಷ್ಟು ಹೊತ್ತೂ
ಕಿವುಡನ ಮುಂದೆ ಕಿನ್ನರಿ.

"ಬೆಸುಗೆ ನೋಡು, ಕನ್ನಡಿ ಹಾಗಿದೆ" ಎಂದೆ.
ಅವಳು ಭೂತಗನ್ನಡಿ ಇಳಿಸಿದಳು.
"ಕನ್ನಡಿಯೇ. ಒಳಗೆ ತಂತಿ ಇನ್ನೂ ಕೆಂಪಂಗಿ ತೊಟ್ಟಿದೆ."

ಎನಾಮಲ್.
ಕೂದಲೆಳೆಗಿಂತ ತೆಳುವಾದ ಆ ಬಣ್ಣವನ್ನು
ಕೆರೆಯದೆ ಬೆಸೆದಿದ್ದೆ ನಾನು.
ಸೀಸ ಸುತ್ತಲೂ ಅಪ್ಪಿಕೊಂಡಿತ್ತು,
ಮುಟ್ಟಿರಲಿಲ್ಲ.

ಮೀನಿನ ಹುರುಪೆ ಕೆರೆಯುವ ಚಾಕುವಿನಿಂದ ಕೆರೆದಳು.
ತಾಮ್ರ ಕಂಡಿತು, ಹಸಿ ಗಾಯದ ಹಾಗೆ ನಾಚಿಕೊಂಡು.
ರಾಳದ ಹೊಗೆ. ಒಂದು ಹನಿ ಸೀಸ.
ಕೀ ಒತ್ತಿದೆ.
ಮುಳ್ಳು ಒಂದು ದಾಟಿತು, ಎರಡು,
ನಾಲ್ಕು ವಾಟಿನ ಹತ್ತಿರ ಹೋಗಿ ನಿಂತು ನಡುಗಿತು,
ನನ್ನ ಹಾಗೇ.

ಅವಳಿಗೆ ಅಷ್ಟು ಸಾಲದು. ಪುಟ್ಟ ರೇಡಿಯೋ ಜೇಬಿಗಿಳಿಸಿ
ಹೊರಟೇಬಿಟ್ಟಳು, ಜುನಿಪರ್ ಪೊದೆ ದಾಟಿ, ದೋಣಿಕಟ್ಟೆ ದಾಟಿ,
ಹೆಪ್ಪುಗಟ್ಟಿದ ನೀರಿನ ಮೇಲೆ, ದೂರ.
ನಾನು ಆ್ಯಂಟೆನಾ ಸಿಕ್ಕಿಸಿ ಕಳಿಸಿದೆ
ಅವಳ ಹೆಸರು, ಒಂದೊಂದೇ ಅಕ್ಷರ,
ನಡುಗುವ ಕೈಯ ಕೊಕ್ಕೆ ಬರಹದಲ್ಲಿ.
ದೀಪ ಆರಿಸಿ ಕಿಟಕಿಗೆ ಮುಖ ಒತ್ತಿದೆ.

ಬಹಳ ಹೊತ್ತು ಬರೀ ಬಿಳಿ ಕತ್ತಲು.

ಆಮೇಲೆ ಅಲ್ಲಿ ಟಾರ್ಚು:
ಗಿಡ್ಡ, ಉದ್ದ, ಗಿಡ್ಡ.
ಮುಟ್ಟಿತು ಅಂತ ಅರ್ಥ.

ಅಮೆರಿಕ ಆಮೇಲೆ ನೋಡೋಣ,
ಸದ್ಯಕ್ಕೆ ಅರ್ಧ ಕಿಲೋಮೀಟರು.

ಒಳಗೆ ಬಂದು ಬೂಟಿನ ಹಿಮ ಕೊಡವುತ್ತ ಹೇಳಿದಳು:
"ನಡುವೆ ಒಮ್ಮೆ ಸ್ವರ ಜಾರಿತು, ಮಾವ.
ಒಲೆಗೆ ಸೌದೆ ಹಾಕಿದಿರಾ?"

ಹಾಕಿದ್ದೆ.
ಅವಳಿಗೆ ಚಳಿಯಾಗಿರುತ್ತದೆ ಅಂತ.

ಬಿಸಿಗೆ ಜಾರುವ ಸುರುಳಿ ಯಾವುದೆಂದು
ನಾಳೆ ಹುಡುಕಬೇಕು.